ಗೇಟಿನ ಒಳಗೆ ಯಾರಿದ್ದಾರೆ, ಹೊರಗೆ ಯಾರು ಉಳಿದರು?

ಅಡ್ಮಿಷನ್ ಸೀಸನ್ ಬಂತೆಂದರೆ ನಮ್ಮ ಸ್ಟುಡಿಯೋಗೆ ಎರಡು ಥರದ ಮೆಸೇಜ್ ಬರುತ್ತವೆ. ಒಂದು, 'ಸರ್, ಆ ಕ್ರೈಸ್ತ ಶಾಲೆಯಲ್ಲಿ ನಮ್ಮ ಮಕ್ಕಳ ಕೈಲಿ ಅವರ ಪ್ರಾರ್ಥನೆ ಹೇಳಿಸ್ತಾರೆ, ಒಂದು ಡಿಬೇಟ್ ಮಾಡಿ.' ಇನ್ನೊಂದು, 'ಸರ್, ಅದೇ ಶಾಲೆಯಲ್ಲಿ ಒಂದು ಸೀಟು ಬೇಕಿತ್ತು, ನಿಮಗೆ ಯಾರಾದರೂ ಪರಿಚಯ ಇದ್ದಾರಾ?' ತಮಾಷೆ ಏನಂದರೆ, ಕೆಲವು ಸಲ ಎರಡೂ ಒಂದೇ ನಂಬರಿನಿಂದ ಬಂದಿರುತ್ತವೆ.

ಬೈಯುತ್ತಲೇ ಕ್ಯೂ ನಿಲ್ಲುತ್ತೇವೆ. ಹಾಗಾದರೆ ಕ್ಯಾಥೊಲಿಕ್ ಶಾಲೆಯಲ್ಲಿ ಎಲ್ಲರಿಗೂ ಜಾಗ ಇದೆಯಾ? ಕೂಗಾಟ ಬದಿಗಿಟ್ಟು ಇವತ್ತು ಲೆಕ್ಕ ನೋಡೋಣ.

ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2021ರಲ್ಲಿ ಅಲ್ಪಸಂಖ್ಯಾತ ಶಾಲೆಗಳ ಬಗ್ಗೆ ಒಂದು ವರದಿ ಕೊಟ್ಟಿತು. ಅದರ ಪ್ರಕಾರ ದೇಶದ ಕ್ರೈಸ್ತ ಅಲ್ಪಸಂಖ್ಯಾತ ಶಾಲೆಗಳಲ್ಲಿ ಓದುವ ನೂರು ಮಕ್ಕಳಲ್ಲಿ ಸುಮಾರು 74 ಮಕ್ಕಳು ಕ್ರೈಸ್ತರಲ್ಲ. ಅಂದರೆ ಧರ್ಮದ ಲೆಕ್ಕದಲ್ಲಿ ಈ ಶಾಲೆಗಳ ಬಾಗಿಲು ಮುಚ್ಚಿಲ್ಲ. ಹಿಂದೂ, ಮುಸ್ಲಿಂ, ಜೈನ, ಕ್ರೈಸ್ತ ಮಕ್ಕಳು ಒಂದೇ ಬೆಂಚಿನ ಮೇಲೆ ಕೂತು ಟಿಫಿನ್ ಬಾಕ್ಸ್ ಬಿಚ್ಚುತ್ತಾರೆ. ವೈವಿಧ್ಯ ಅಂದರೆ ಇದೇ ತಾನೇ?

ನಿಲ್ಲಿ. ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ಎಲ್ಲ ಧರ್ಮಗಳ ಅಲ್ಪಸಂಖ್ಯಾತ ಶಾಲೆಗಳನ್ನೂ ಒಟ್ಟಿಗೆ ತೆಗೆದುಕೊಂಡರೆ, ಸಾಮಾಜಿಕವಾಗಿ ಮತ್ತು ಆರ್ಥಿಕವಾಗಿ ಹಿಂದುಳಿದ ಮನೆಗಳಿಂದ ಬಂದ ಮಕ್ಕಳು ಶೇ. 8.76 ಮಾತ್ರ. ಈ ಅಂಕಿಯ ಮೇಲೆ ಯಾರೂ ಡಿಬೇಟ್ ಕೇಳುವುದಿಲ್ಲ.

ನಾನು ಇಂಜಿನಿಯರಿಂಗ್ ಓದಿದವನು. ಅಲ್ಲಿ ಫಿಲ್ಟರ್ ಸರ್ಕ್ಯೂಟ್ ಅಂತ ಒಂದು ಪಾಠ ಇತ್ತು. ಯಾವ ಸಿಗ್ನಲ್ ದಾಟಬೇಕು, ಯಾವುದು ದಾಟಬಾರದು ಅಂತ ಫಿಲ್ಟರ್ ತೀರ್ಮಾನ ಮಾಡುತ್ತದೆ. ಔಟ್‌ಪುಟ್ ನೋಡಿ 'ಎಷ್ಟು ಚೆನ್ನಾಗಿದೆ' ಅನ್ನಬಹುದು. ಆದರೆ ತಡೆದು ನಿಲ್ಲಿಸಿದ್ದು ಏನು ಅಂತ ಔಟ್‌ಪುಟ್ ಹೇಳುವುದಿಲ್ಲ. ಶಾಲೆಯ ಗ್ರೂಪ್ ಫೋಟೋ ಕೂಡ ಹಾಗೇ. ಅದರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಗೇಟಿನ ಹೊರಗೆ ಉಳಿದವರು ಮಾತ್ರ ಇರುವುದಿಲ್ಲ.

ಈ ಫಿಲ್ಟರ್ ಬಂದದ್ದು ಎಲ್ಲಿಂದ? ಸ್ವಲ್ಪ ಕಾನೂನು ನೋಡಬೇಕು.

ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಸಣ್ಣ ಸಮುದಾಯ ದೊಡ್ಡ ಸಮುದಾಯದಲ್ಲಿ ಕರಗಿ ಹೋಗಬಾರದು ಅನ್ನೋದು ಉದ್ದೇಶ. ಇತ್ತ 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ, ನಾವೆಲ್ಲ ಆರ್‌ಟಿಇ ಅನ್ನುತ್ತೇವಲ್ಲ, ಅದು ಜಾರಿಗೆ ಬಂತು. ಖಾಸಗಿ ಶಾಲೆಗಳು ಆರಂಭದ ತರಗತಿಯಲ್ಲಿ ಶೇ. 25 ಸೀಟನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಕೊಡಬೇಕು ಅಂದಿತು. ಎರಡೂ ಒಳ್ಳೆಯ ಹಕ್ಕುಗಳೇ, ಆದರೆ ಡಿಕ್ಕಿ ಹೊಡೆದವು.

ತೀರ್ಪು ಬಂದದ್ದು 2014ರ ಮೇ 6ರಂದು. ಪ್ರಮತಿ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಅನುದಾನಿತ ಇರಲಿ, ಅನುದಾನರಹಿತ ಇರಲಿ, ಅಲ್ಪಸಂಖ್ಯಾತ ಶಾಲೆಗೆ ಆರ್‌ಟಿಇ ಅನ್ವಯಿಸುವುದಿಲ್ಲ ಎಂದಿತು. ಅದೇ ದಿನ, ಅದೇ ಪೀಠ ನಮ್ಮ ಕರ್ನಾಟಕದ ಇನ್ನೊಂದು ಪ್ರಕರಣದಲ್ಲೂ ತೀರ್ಪು ಕೊಟ್ಟಿತು. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯಲ್ಲೇ ಕಲಿಸಬೇಕು ಅಂತ ಸರ್ಕಾರ ಹೇರುವಂತಿಲ್ಲ ಎಂದಿತು. ಬಡವರ ಸೀಟು, ಮನೆಮಾತು ಎರಡೂ ಒಂದೇ ದಿನ ಶಾಲೆಯ ಆಡಳಿತ ಮಂಡಳಿಯ ಮನಸ್ಸಿಗೆ ಬಿಟ್ಟ ವಿಷಯಗಳಾದವು.

ಮೊದಲ ತೀರ್ಪಿನ ಬಗ್ಗೆ ಸುಪ್ರೀಂ ಕೋರ್ಟಿನದೇ ಇನ್ನೊಂದು ಪೀಠ 2025ರ ಸೆಪ್ಟೆಂಬರ್ 1ರಂದು ಅನುಮಾನ ವ್ಯಕ್ತಪಡಿಸಿತು. ದೊಡ್ಡ ಪೀಠ ಇದನ್ನು ಮತ್ತೆ ನೋಡಬೇಕೇ ಅನ್ನುವ ಪ್ರಶ್ನೆಯನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು.

ಕ್ರೈಸ್ತ ಶಾಲೆಗಳನ್ನಷ್ಟೇ ಕಟಕಟೆಯಲ್ಲಿ ನಿಲ್ಲಿಸಬೇಡಿ ಮತ್ತೆ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ ಅಂತ ನಮ್ಮ ರಾಜ್ಯ ಸರ್ಕಾರವೇ ನಿಯಮ ಬದಲಿಸಿ, 2019ರಿಂದ ಆ ಬಾಗಿಲನ್ನು ಬಹುಪಾಲು ಮುಚ್ಚಿತು. ಇನ್ನೊಂದು ಕಡೆ, ದಕ್ಷಿಣ ಕನ್ನಡದ ಹಳ್ಳಿಗಳಿಗೆ ಹೋಗಿ ನೋಡಿ. ಚರ್ಚ್ ಪಕ್ಕದಲ್ಲೇ ಕನ್ನಡ ಮಾಧ್ಯಮದ ಅನುದಾನಿತ ಶಾಲೆ. ಕೂಲಿಯವರ ಮಕ್ಕಳು, ಬೀಡಿ ಕಟ್ಟುವವರ ಮಕ್ಕಳು ಅಲ್ಲೇ ಕಲಿತು ಮೇಲೆ ಬಂದಿದ್ದಾರೆ. ಅದೂ ಕ್ಯಾಥೊಲಿಕ್ ಶಾಲೆಯೇ.

ಹಾಗಾದರೆ ಪ್ರಾರ್ಥನೆಯ ಕಥೆ? ಅದಕ್ಕೆ ಉತ್ತರ ಸಂವಿಧಾನ ಬಂದ ದಿನದಿಂದಲೇ ಇದೆ. 28ನೇ ವಿಧಿಯ ಮೂರನೇ ಭಾಗ ಓದಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ, ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಕೂರಿಸುವಂತಿಲ್ಲ. ಭಾರತದ ಕ್ಯಾಥೊಲಿಕ್ ಬಿಷಪ್‌ಗಳ ಮಂಡಳಿ ಕೂಡ 2024ರಲ್ಲಿ ತನ್ನ ಶಾಲೆಗಳಿಗೆ ಮಾರ್ಗಸೂಚಿ ಕೊಟ್ಟಿತು. ಬೇರೆ ಧರ್ಮದ ಮಕ್ಕಳ ಮೇಲೆ ನಮ್ಮ ಸಂಪ್ರದಾಯ ಹೇರಬೇಡಿ, ಬೆಳಗಿನ ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ, ಎಲ್ಲ ಧರ್ಮಗಳನ್ನೂ ಗೌರವಿಸಿ ಅಂತ. ಒಳ್ಳೆಯ ಹೆಜ್ಜೆ. ಆದರೆ ಇದು ಒಳಗೆ ಬಂದ ಮಗುವಿಗೆ ಸಂಬಂಧಿಸಿದ್ದು.

ಒಳಗೆ ಬಂದ ಮೇಲೂ ಹೊರಗೇ ಉಳಿಯುವ ಮಕ್ಕಳಿರುತ್ತಾರೆ. ಇದನ್ನು ನಾನು ಓದಿ ತಿಳಿದದ್ದಲ್ಲ.

ನಾನೂ ಒಂದು ಕ್ಯಾಥೊಲಿಕ್ ಶಾಲೆಯಲ್ಲೇ ಓದಿದ್ದು. ಹೆಸರು ಬೇಡ. ಕಲಿಸಿದ ಸಿಸ್ಟರ್‌ಗಳ ಋಣ ನನ್ನ ಮೇಲಿದೆ. ಅಲ್ಲಿ ಕನ್ನಡದಲ್ಲಿ ಮಾತಾಡಿದರೆ ಒಂದು ರೂಪಾಯಿ ದಂಡ. ಮಾತಾಡಿದವರ ಹೆಸರು ಬರೆದಿಡುವ ಕೆಲಸ ಕ್ಲಾಸ್ ಲೀಡರ್‌ದು. ಲೀಡರ್ ನಾನು. ನಮ್ಮ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದ. ಅವನ ಅಪ್ಪ ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಿದ್ದರು. ಮನೆಯಲ್ಲಿ ಇಂಗ್ಲಿಷಿನ ಗಾಳಿಯೇ ಇಲ್ಲ. ದಿನಾ ಅವನ ಹೆಸರು ನನ್ನ ಪಟ್ಟಿಯಲ್ಲಿ ಮೊದಲು. ಮೊದಮೊದಲು ಕಾಸು ಕೊಟ್ಟ. ಆಮೇಲೆ ಮಾತಾಡೋದನ್ನೇ ಬಿಟ್ಟ. ಮುಂದಿನ ಜೂನ್‌ನಲ್ಲಿ ಅವನ ಜಾಗ ಖಾಲಿ ಇತ್ತು. ಸರ್ಕಾರಿ ಶಾಲೆಗೆ ಸೇರಿದನಂತೆ. ಯಾರೂ ಅವನನ್ನು ಹೊರಗೆ ಹಾಕಲಿಲ್ಲ. ನನ್ನ ಪೆನ್ಸಿಲ್ ಸಾಕಾಯಿತು.

ಇವತ್ತು ನಾನು ಅನ್ನ ತಿನ್ನುತ್ತಿರುವುದು ಕನ್ನಡದಲ್ಲಿ ಮಾತಾಡಿ. ಕ್ಯಾಮೆರಾ ಆನ್ ಆದಾಗ ಒಮ್ಮೊಮ್ಮೆ ಅವನು ನೆನಪಾಗುತ್ತಾನೆ.

ಇದೆಲ್ಲ ಬದಲಾಗಲ್ಲ ಅನ್ನಬೇಡಿ. ಬೆಂಗಳೂರಿನ ಸೇಂಟ್ ಜೋಸೆಫ್ ಸಂಸ್ಥೆ ಶುರುವಾದದ್ದು 1858ರಲ್ಲಿ. ಬ್ರಿಟಿಷರ ಕಾಲದಲ್ಲಿ ಅಲ್ಲಿ 'ಯುರೋಪಿಯನ್ ಹೈಸ್ಕೂಲ್' ಬೇರೆ, 'ಇಂಡಿಯನ್ ಹೈಸ್ಕೂಲ್' ಬೇರೆ. ಇವತ್ತು ಆ 'ಯುರೋಪಿಯನ್' ಶಾಲೆಯ ಹೆಸರು ಬಾಯ್ಸ್ ಹೈಸ್ಕೂಲ್, ಅಲ್ಲಿ ಓದುತ್ತಿರುವವರು ನಮ್ಮ ಮಕ್ಕಳು. ಬಣ್ಣದ ಗೋಡೆ ಬಿತ್ತು ಅಂದಮೇಲೆ ದುಡ್ಡಿನ ಗೋಡೆ, ಭಾಷೆಯ ಗೋಡೆ ಯಾಕೆ ಬೀಳಬಾರದು?

ಅದಕ್ಕೆ ಕೋರ್ಟಿನ ಆದೇಶ ಬರಲಿ ಅಂತ ಕಾಯಬೇಕಿಲ್ಲ. ಆರ್‌ಟಿಇ ಅನ್ವಯಿಸುವುದಿಲ್ಲ ಅಂದರೆ ಬಡ ಮಗುವನ್ನು ಸೇರಿಸಿಕೊಳ್ಳಬೇಡಿ ಅಂತ ಅರ್ಥ ಅಲ್ಲ. ಶಾಲೆ ತಾನಾಗಿಯೇ ಸೀಟು ಇಡಬಹುದು. ಫೀಸ್ ರಿಯಾಯಿತಿ ಸಿಕ್ಕ ಮಗು ಯಾರು ಅಂತ ಕ್ಲಾಸಿಗೆ ಗೊತ್ತಾಗದಂತೆ ನೋಡಿಕೊಳ್ಳಬಹುದು. ಪೋಷಕರ ಸಭೆಯನ್ನು ಕನ್ನಡದಲ್ಲೂ ನಡೆಸಬಹುದು. ವೀಲ್‌ಚೇರ್ ಹತ್ತುವಂತೆ ಮೆಟ್ಟಿಲ ಪಕ್ಕ ಒಂದು ಇಳಿಜಾರು ಕಟ್ಟಿಸಬಹುದು. ಸಿಮೆಂಟಿಗೆ ಎಷ್ಟು ಮಹಾ ಖರ್ಚು?

ಪೋಷಕರೇ, ನಮ್ಮದೂ ಒಂದು ಪಾಲಿದೆ. ಮುಂದಿನ ಸಲ ಶಾಲೆಯ ಸಭೆಗೆ ಹೋದಾಗ ಪ್ರಾರ್ಥನೆ ಬಗ್ಗೆ ಧಾರಾಳವಾಗಿ ಕೇಳಿ, ಅದು ನಿಮ್ಮ ಹಕ್ಕು. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ. 'ಈ ಶಾಲೆಯ ಕಸ ಗುಡಿಸುವ ಆಯಾ ಇದ್ದಾರಲ್ಲ, ಆಟೋ ಓಡಿಸುವ ಅಣ್ಣ ಇದ್ದಾರಲ್ಲ, ಅವರ ಮಕ್ಕಳು ಎಲ್ಲಿ ಓದುತ್ತಿದ್ದಾರೆ?' ಅಂತ. ಉತ್ತರ ಬರುವವರೆಗೂ ಕೂತಿರಿ.