ಹಾಸಿಗೆ ತುಂಬಿದರೆ ಸಾಕೇ?

ಮನೆಯಿಲ್ಲದವರ ಆಶ್ರಯ ಕೇಂದ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ದಾಖಲೆ ಹಾಜರಿ ಪುಸ್ತಕ. ಹೆಸರು, ವಯಸ್ಸು, ಊರು, ಒಳಬಂದ ವೇಳೆ, ಕೊನೆಗೆ ಒಂದು ಸಹಿ ಅಥವಾ ಹೆಬ್ಬೆಟ್ಟು. ಐವತ್ತು ಹಾಸಿಗೆಗೆ ನಲವತ್ತೆಂಟು ಹೆಬ್ಬೆಟ್ಟು ಬಿದ್ದಿದ್ದರೆ ಕೇಂದ್ರ ಚೆನ್ನಾಗಿ ನಡೆಯುತ್ತಿದೆ ಎಂದೂ, ಹದಿನೈದೇ ಇದ್ದರೆ ಊರಿಗೆ ಇದರ ಅಗತ್ಯವೇ ಇಲ್ಲ ಎಂದೂ ಮೇಲಿನವರು ಓದಿಕೊಳ್ಳುತ್ತಾರೆ. ಎರಡೂ ಅವಸರದ ಓದು. ಹುಬ್ಬಳ್ಳಿ-ಧಾರವಾಡದಂಥ ಜೋಡಿ ನಗರದಲ್ಲಿ ಇಂಥ ಕೇಂದ್ರದ ಯೋಗ್ಯತೆಯನ್ನು ಅಳೆಯಬೇಕಾದರೆ ರಾತ್ರಿ ಎಷ್ಟು ಜನ ಮಲಗಿದರು ಎಂಬುದರ ಜೊತೆಗೆ, ಮಲಗಿದವರು ಯಾರು, ಬಾಗಿಲವರೆಗೂ ಬರಲಾಗದವರು ಯಾರು, ಬಿಟ್ಟುಹೋದವರು ಎಲ್ಲಿಗೆ ಹೋದರು ಎಂದು ಕೇಳಲೇಬೇಕು.

ಈ ಕೇಂದ್ರಗಳ ಹಿಂದೆ ಸುಪ್ರೀಂ ಕೋರ್ಟಿನ ಒತ್ತಾಯವಿದೆ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ 2010ರ ಚಳಿಗಾಲದಲ್ಲಿ ಹೊರಟ ಆದೇಶಗಳ ಬಳಿಕ, ಲಕ್ಷ ಜನಸಂಖ್ಯೆಗೆ ನೂರು ಜನ ತಂಗಬಹುದಾದ ಒಂದು ಕೇಂದ್ರ ಎಂಬ ಲೆಕ್ಕ ನೆಲೆಗೊಂಡಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಇದನ್ನೇ ಯೋಜನೆಯಾಗಿಸಿತು: ಒಬ್ಬರಿಗೆ 50 ಚದರ ಅಡಿ ಜಾಗ, ವರ್ಷವಿಡೀ ಹಗಲೂ ರಾತ್ರಿ ತೆರೆದ ಬಾಗಿಲು, ಸ್ನಾನ, ಶೌಚಾಲಯ, ಅಡುಗೆಗೆ ಜಾಗ, ಜೊತೆಗೆ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಖಾತೆ ಮಾಡಿಸಿಕೊಡುವ ಹೊಣೆ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9.43 ಲಕ್ಷ. ಆ ಲೆಕ್ಕ ಹಿಡಿದರೆ ಒಂಬತ್ತು ಕೇಂದ್ರ, ಸುಮಾರು ಒಂಬೈನೂರು ಜನರಿಗೆ ನೆರಳು ಬೇಕು. ಅದೂ ಹತ್ತು ವರ್ಷಕ್ಕೂ ಹಿಂದಿನ ಊರಿಗೆ.

ಹಾಸಿಗೆ ತುಂಬಿದೆ ಎಂಬ ಮಾತನ್ನೇ ಮೊದಲು ನೋಡೋಣ. ಕಿಮ್ಸ್ ಎಂದೇ ಪರಿಚಿತವಾದ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗೆ ಹಾವೇರಿ, ಗದಗ, ಕೊಪ್ಪಳದಿಂದ ರೋಗಿಗಳನ್ನು ಕರೆತಂದವರು ವಾರಗಟ್ಟಲೆ ಇಲ್ಲೇ ಉಳಿಯಬೇಕಾಗುತ್ತದೆ. ಅವರೂ ಕಷ್ಟದಲ್ಲಿರುವವರೇ, ಅವರಿಗೂ ತಂಗಲು ಜಾಗ ಬೇಕು. ಆದರೆ ತಮ್ಮೂರಲ್ಲಿ ಮನೆಯಿದ್ದವರಿಂದ ತುಂಬಿದ ಹಾಸಿಗೆಯನ್ನು ಮನೆಯಿಲ್ಲದವರ ಲೆಕ್ಕಕ್ಕೆ ಬರೆದರೆ ಫುಟ್‌ಪಾತಿನ ಮೇಲಿದ್ದವರು ಕಾಗದದಿಂದಲೇ ಕಾಣೆಯಾಗುತ್ತಾರೆ. ಖಾಲಿ ಹಾಸಿಗೆಯ ಕಥೆ ಇನ್ನೊಂದು. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಲಾರಿಯಿಂದ ಚೀಲ ಇಳಿಸಬೇಕಾದ ಹಮಾಲನಿಗೆ ಮೈಲಿಗಟ್ಟಲೆ ದೂರದ ಹಾಸಿಗೆಗಿಂತ ಅಂಗಡಿ ಕಟ್ಟೆಯೇ ಮೇಲು. ತಡವಾದರೆ ಆ ದಿನದ ಕೂಲಿಯೇ ಇಲ್ಲ. ಗಂಡ ಒಂದು ಕಟ್ಟಡದಲ್ಲಿ, ಹೆಂಡತಿ ಮಕ್ಕಳು ಇನ್ನೊಂದರಲ್ಲಿ ಎಂದರೆ ಕುಟುಂಬ ಸೇತುವೆಯ ಕೆಳಗೇ ಉಳಿಯುತ್ತದೆ. ಚಿಂದಿ ಆಯುವವರ ಚೀಲಕ್ಕೆ, ತಳ್ಳುಗಾಡಿಗೆ ಒಳಗೆ ಜಾಗವಿಲ್ಲದಿದ್ದರೆ ಅದರ ಒಡೆಯನೂ ಒಳಗೆ ಬರುವುದಿಲ್ಲ. ಜನ ಬಾರದಿದ್ದಾಗ ಅವರ ಮನಸ್ಸನ್ನು ದೂರುವ ಮೊದಲು ಕೇಂದ್ರ ಎಲ್ಲಿದೆ, ಎಷ್ಟು ಗಂಟೆಗೆ ಬೀಗ ಹಾಕುತ್ತದೆ ಎಂದು ನೋಡಬೇಕು. ನಿಲ್ದಾಣ, ಮಾರುಕಟ್ಟೆಗಳ ಹತ್ತಿರವೇ ಕೇಂದ್ರ ಇರಬೇಕೆಂದು ಜೀವನೋಪಾಯ ಅಭಿಯಾನದ ನಿಯಮವೇ ಹೇಳಿತ್ತು.

ಹಾಸಿಗೆಯ ಬದಲು ಫಲಿತಾಂಶ ಅಳೆಯುವಾಗಲೂ ಎಚ್ಚರ ಬೇಕು. ಎಷ್ಟು ಜನ ಕೆಲಸ ಹಿಡಿದು ಬಾಡಿಗೆ ಖೋಲಿಗೆ ಹೋದರು ಎಂದಷ್ಟೇ ಕೇಳಿದರೆ, ಕೇಂದ್ರ ನಡೆಸುವವರು ಗಟ್ಟಿಮುಟ್ಟಾದ ಹುಡುಗರನ್ನೇ ಸೇರಿಸಿಕೊಳ್ಳುವ ಅಪಾಯವಿದೆ. ಗಾಯ ಕೊಳೆತ ಮುದುಕ, ತನ್ನೊಳಗೆ ತಾನೇ ಮಾತಾಡಿಕೊಳ್ಳುವ ಹೆಣ್ಣುಮಗಳು ಹೊರಗೇ ಉಳಿಯುತ್ತಾರೆ, ವರದಿ ಮಾತ್ರ ಚೆಂದ ಕಾಣುತ್ತದೆ. ಅಂಥವರನ್ನು ಒಳಗೆ ಕರೆದುಕೊಂಡ ಕೇಂದ್ರದ ಅಂಕಿಅಂಶ ಸಹಜವಾಗಿಯೇ ಸೊರಗುತ್ತದೆ, ಆದರೆ ಅದು ಮಾಡಿದ ಕೆಲಸವೇ ದೊಡ್ಡದು. ಬೀದಿಯಲ್ಲಿ ಅಲೆಯುವ ಮನೋರೋಗಿಗಳನ್ನು ರಕ್ಷಣೆಗೆ ತೆಗೆದುಕೊಳ್ಳುವ ಕರ್ತವ್ಯವನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಪೊಲೀಸರಿಗೆ ವಹಿಸಿದೆ. ಧಾರವಾಡದಲ್ಲೇ ಮಾನಸಿಕ ಚಿಕಿತ್ಸೆಯ ಸಂಸ್ಥೆ ಡಿಮ್ಹಾನ್ಸ್ ಇದೆ. ಚಿಕಿತ್ಸೆ ಮುಗಿದ ದಿನ ಆ ಹೆಣ್ಣುಮಗಳು ಮತ್ತೆ ಬಸ್ ಸ್ಟ್ಯಾಂಡಿಗೆ ಹೋಗುತ್ತಾಳೋ, ಆಶ್ರಯ ಕೇಂದ್ರಕ್ಕೆ ಬರುತ್ತಾಳೋ? ನನ್ನ ಮಟ್ಟಿಗೆ ಮೌಲ್ಯಮಾಪನದ ಮೊದಲ ಪ್ರಶ್ನೆ ಇದೇ.

ಹುಬ್ಬಳ್ಳಿಯ ಸಿದ್ಧಾರೂಢ ಮಠದ ದಾಸೋಹವಿದೆ, ಊಟಕ್ಕೆ ತೊಂದರೆಯಿಲ್ಲ, ಮಲಗಲು ಜಾಗವನ್ನೂ ಕೊಟ್ಟರೆ ಜನ ಮೈಗಳ್ಳರಾಗುತ್ತಾರೆ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ದಾಸೋಹ ಹಸಿವನ್ನು ನೀಗುತ್ತದೆ, ಅದು ನಮ್ಮ ಭಾಗದ ದೊಡ್ಡ ಪುಣ್ಯ. ಆದರೆ ವಿಳಾಸ ಕೊಡುವುದು ಮಠದ ಕೆಲಸವಲ್ಲ. ವಿಳಾಸವಿಲ್ಲದೆ ಪಡಿತರವಿಲ್ಲ, ವೃದ್ಧಾಪ್ಯ ವೇತನದ ಅರ್ಜಿ ಮುಂದೆ ಸಾಗುವುದಿಲ್ಲ. ಮೈಗಳ್ಳತನದ ಮಾತಿಗಂತೂ ಮುಂಜಾನೆಯ ಮಾರುಕಟ್ಟೆಯೇ ಉತ್ತರ: ರಾತ್ರಿ ಕಟ್ಟೆಯ ಮೇಲೆ ಮಲಗಿದವರಲ್ಲೇ ಎಷ್ಟೋ ಜನ ನಮ್ಮ ತರಕಾರಿ ಚೀಲಗಳನ್ನು ಹೊರುತ್ತಾರೆ. ಹಿಡಿದು ಒಳಗೆ ಹಾಕುವ ದಾರಿಯನ್ನೂ ನಾವು ಕಂಡಿದ್ದೇವೆ. ರಾಜ್ಯದ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಭಿಕ್ಷುಕರನ್ನು ಹಿಡಿದು ಕೇಂದ್ರದಲ್ಲಿಡುತ್ತದೆ, ಅದಕ್ಕೆಂದೇ ಆಸ್ತಿ ತೆರಿಗೆಯ ಜೊತೆ ಶೇ 3ರಷ್ಟು ಕರ ಸಂಗ್ರಹವಾಗುತ್ತದೆ. ಅದೇ ಕಾಯ್ದೆಯಡಿ ನಡೆಯುತ್ತಿದ್ದ ಬೆಂಗಳೂರಿನ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಸಾಲುಸಾಲಾಗಿ ಜನ ಸತ್ತರು. ಬೀಗ ಹಾಕಿದ ಗೇಟಿನ ಹಿಂದೆ ಹಾಸಿಗೆ ಯಾವಾಗಲೂ ತುಂಬಿರುತ್ತದೆ. ಬಾಗಿಲು ತೆರೆದಿದ್ದಾಗಲೂ ಒಬ್ಬ ಮರುರಾತ್ರಿ ತಾನಾಗಿಯೇ ಬಂದನೆಂದರೆ ಅದು ಲೆಕ್ಕಕ್ಕೆ ಬರುವ ಹಾಜರಿ.

ಕೇಂದ್ರ ಬಿಟ್ಟುಹೋದ ಅಲೆಮಾರಿಗಳ ಬೆನ್ನು ಹತ್ತಿ ವಿಚಾರಿಸುವುದು ಹೇಗೆ ಎಂಬುದು ಹೆಚ್ಚು ತೂಕದ ಆಕ್ಷೇಪ. ಎಲ್ಲರೂ ಸಿಗುವುದಿಲ್ಲ, ನಿಜ. ಆದರೆ ಮಾಡಿಸಿಕೊಟ್ಟ ಪಡಿತರ ಚೀಟಿ, ಆಸ್ಪತ್ರೆಗೆ ಸೇರಿಸಿದ ದಿನಾಂಕ, ತಿಂಗಳ ಮೇಲೆ ಮತ್ತೆ ಬೀದಿಯಲ್ಲಿ ಕಂಡವರ ಹೆಸರು, ಇವನ್ನು ಅದೇ ಪುಸ್ತಕದಲ್ಲಿ ಬರೆದಿಡಬಹುದು. ಬರೆಯುವವರು ಬೇಕು, ತೊಡಕಿರುವುದು ಅಲ್ಲೇ. ಯೋಜನೆ ರೂಪಿಸಿದಾಗ 50 ಜನರ ಕೇಂದ್ರದ ನಿರ್ವಹಣೆಗೆ ಇಟ್ಟ ಹಣ ವರ್ಷಕ್ಕೆ 6 ಲಕ್ಷ ರೂಪಾಯಿ. ಒಬ್ಬರಿಗೆ ಒಂದು ರಾತ್ರಿಗೆ ಸುಮಾರು 33 ರೂಪಾಯಿ. ಆ ಲೆಕ್ಕದಲ್ಲಿ ತಿಂಗಳಿಗೆ ಬರುವ 50 ಸಾವಿರದಲ್ಲಿ ಮೂರು ಪಾಳಿಯ ಮೂವರು ಕಾವಲುಗಾರರ ಸಂಬಳ, ವಿದ್ಯುತ್ತು, ಹೊದಿಕೆ ತೊಳೆಯುವ ಖರ್ಚು ಕಳೆದರೆ, ತಹಶೀಲ್ದಾರ್ ಕಚೇರಿಗೆ ಅರ್ಜಿ ಹಿಡಿದು ಅಲೆಯುವವರಿಗೆ ಕೊಡಲು ಏನು ಉಳಿಯುತ್ತದೆ? ಆ ಒಬ್ಬರ ಸಂಬಳ ಕೊಡದೆ ಫಲಿತಾಂಶ ಕೇಳುವುದು ನ್ಯಾಯವಲ್ಲ. ಇನ್ನು ಹೊರಗುಳಿದವರ ಎಣಿಕೆ. ಜನಗಣತಿ ಅವರನ್ನು ಎಣಿಸಿದ್ದು 2011ರ ಫೆಬ್ರುವರಿ 28ರ ರಾತ್ರಿ, ಎಲ್ಲಿ ಬೇಕಾದರೂ ಮೈಚಾಚಬಹುದಾದ ಒಣ ಹವೆಯಲ್ಲಿ. ಪಾಲಿಕೆ ಆಷಾಢದ ಜಡಿಮಳೆಯ ಒಂದು ರಾತ್ರಿ, ಧಾರವಾಡದ ಬಸ್ ನಿಲ್ದಾಣದಿಂದ ಹುಬ್ಬಳ್ಳಿ ರೈಲು ನಿಲ್ದಾಣದವರೆಗೆ ಟಾರ್ಚು ಹಿಡಿದು ಎಣಿಸಲಿ. ಯಾವ ಸೂರಿನ ಕೆಳಗೆ ಜನ ಒತ್ತೊತ್ತಾಗಿ ಕೂತಿದ್ದಾರೋ, ಮುಂದಿನ ಕೇಂದ್ರ ತೆರೆಯಬೇಕಾದ್ದು ಅದರ ಪಕ್ಕದಲ್ಲೇ.