ಬೆಂಗಳೂರಿನ ಹೆಸರು, ಕೊಲಂಬೋದ ಅಂಗಳ

ಬೆಳ್ತಂಗಡಿ ಪಕ್ಕದ ಲಾಯಿಲದ ಹುಡುಗರಿಗೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಎಂದರೇನೆಂದು ವಿವರಿಸಬೇಕಾಗಿಲ್ಲ. ಆದರೆ ಕಬಡ್ಡಿ, ರಗ್ಬಿ ಆಡುತ್ತಿದ್ದ ತರುಣರ ತಲೆಗೆ ಹೆಲ್ಮೆಟ್ ತೊಡಿಸಿ, ಭುಜಕ್ಕೆ ಪ್ಯಾಡು ಕಟ್ಟಿ ಅಮೆರಿಕನ್ ಫುಟ್‌ಬಾಲ್ ಆಡಿಸುವ ಸಾಹಸವೊಂದು ಭಾರತದಲ್ಲಿ ನಡೆದಿತ್ತು, ಅದರಲ್ಲಿ ಬೆಂಗಳೂರಿನ ಹೆಸರಿನದೂ ಒಂದು ತಂಡವಿತ್ತು ಎಂಬುದು ಎಷ್ಟು ಮಂದಿಗೆ ಗೊತ್ತು?

ತಂಡದ ಹೆಸರು ಬೆಂಗಳೂರು ವಾರ್‌ಹಾಕ್ಸ್. 2011ರಲ್ಲಿ ಘೋಷಣೆಯಾದ ‘ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ’ದ ಎಂಟು ತಂಡಗಳಲ್ಲಿ ಇದೂ ಒಂದು. ಲೀಗಿನ ಬೆನ್ನಿಗಿದ್ದವರು ಸಾಮಾನ್ಯರೇನಲ್ಲ. ಅಮೆರಿಕದ ಖ್ಯಾತ ಕೋಚ್ ಮೈಕ್ ಡಿಟ್ಕಾ, ಆಟಗಾರ ಕರ್ಟ್ ವಾರ್ನರ್, ಚಿತ್ರನಟ ಮಾರ್ಕ್ ವಾಲ್‌ಬರ್ಗ್. ಜತೆಗೆ ಭಾರತೀಯ ಮೂಲದ ಆಟಗಾರ ಬ್ರಾಂಡನ್ ಚಿಲ್ಲರ್.

ಹೆಸರಿನಲ್ಲಿ ಫುಟ್‌ಬಾಲ್ ಇದ್ದರೂ ಈ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಪ್ರತಿ ತಂಡದಲ್ಲಿ 11 ಮಂದಿ. ಚೆಂಡು ಪಡೆದ ತಂಡ ನಾಲ್ಕು ಪ್ರಯತ್ನಗಳಲ್ಲಿ 10 ಗಜ ಮುಂದೆ ಸಾಗಬೇಕು. ಆಗದಿದ್ದರೆ ಚೆಂಡು ಎದುರಾಳಿಯ ಪಾಲು. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ‘ಟಚ್‌ಡೌನ್’, ಅದಕ್ಕೆ 6 ಅಂಕ. ಚೆಂಡು ಹಿಡಿದು ಓಡುವವನನ್ನು ನೆಲಕ್ಕೆ ಕೆಡಹುವುದೇ ರಕ್ಷಣೆ. ದಾಳಿಗೆ ಬಂದವನ ಕಾಲು ಹಿಡಿದು ಉರುಳಿಸಿ ಅಭ್ಯಾಸವಿದ್ದ ಕಬಡ್ಡಿ ಪಟುವಿಗೆ ಇಷ್ಟು ಸುಲಭವಾಗಿಯೇ ಹಿಡಿಸಿತು ಎನ್ನಬಹುದು. ಉಳಿದ ನಿಯಮಗಳ ಗೋಜಲು ಬೇರೆ ಮಾತು!

ಆದರೆ ಮೊದಲ ಋತುವಿನ ಪಂದ್ಯಗಳು ನಡೆದದ್ದು 2012ರಲ್ಲಿ, ಶ್ರೀಲಂಕಾದ ಕೊಲಂಬೋದಲ್ಲಿ. ಅಲ್ಲಿ ಚಿತ್ರೀಕರಿಸಿದ ಪಂದ್ಯಗಳನ್ನು ಅನಂತರ ಟೆನ್ ಸ್ಪೋರ್ಟ್ಸ್ ವಾಹಿನಿ ಬಿತ್ತರಿಸಿತು. ಫೈನಲ್‌ನಲ್ಲಿ ಪುಣೆ ಮರಾಠಾಸ್ ತಂಡ ದೆಹಲಿ ಡಿಫೆಂಡರ್ಸ್ ತಂಡವನ್ನು 6-0ಯಿಂದ ಸೋಲಿಸಿತು. ವಾರ್‌ಹಾಕ್ಸ್‌ಗೆ ತನ್ನ ಊರಿನ ಗ್ಯಾಲರಿಯ ಶಿಳ್ಳೆ, ಚಪ್ಪಾಳೆ ದಕ್ಕಲಿಲ್ಲ. ಲೀಗ್ ನೆಲೆಯೂರಲೂ ಇಲ್ಲ.

ಹಣವಿತ್ತು, ತಾರೆಗಳಿದ್ದರು. ಇಲ್ಲದ್ದು ಊರು. ಚಿಲ್ಲರ್ ಆಡಿದ ಗ್ರೀನ್ ಬೇ ಪ್ಯಾಕರ್ಸ್ ತಂಡದ ಕಥೆ ಇದಕ್ಕೆ ತೀರಾ ತದ್ವಿರುದ್ಧ. 1919ರಲ್ಲಿ ಕರ್ಲಿ ಲ್ಯಾಂಬೋ ಎಂಬ ತರುಣ ತಾನು ಕೆಲಸಕ್ಕಿದ್ದ ಮಾಂಸ ಪ್ಯಾಕಿಂಗ್ ಕಂಪನಿಯಿಂದ ಸಮವಸ್ತ್ರಕ್ಕೆಂದು 500 ಡಾಲರ್ ಕೇಳಿ ಪಡೆದ. (ಕಂಪನಿಯ ಹೆಸರು ತಮಾಷೆಯೆಂಬಂತೆ ‘ಇಂಡಿಯನ್ ಪ್ಯಾಕಿಂಗ್ ಕಂಪನಿ’!) ತಂಡ ಸಾಲದಲ್ಲಿ ಮುಳುಗುವ ಹೊತ್ತಿಗೆ, 1923ರಲ್ಲಿ ಊರವರೇ ಷೇರು ಕೊಂಡು ಉಳಿಸಿಕೊಂಡರು. ಜನಸಂಖ್ಯೆ ಲಕ್ಷದ ಆಸುಪಾಸಿನಲ್ಲಿರುವ ಆ ಪಟ್ಟಣದ ತಂಡ ಇಂದಿಗೂ ಅಮೆರಿಕದ ಅತ್ಯುನ್ನತ ಲೀಗಿನಲ್ಲಿದೆ. ಕಬಡ್ಡಿ ತಂಡದ ಜೆರ್ಸಿಗೆ ಪೇಟೆಯ ಅಂಗಡಿಗಳಿಂದ ವಂತಿಗೆ ಎತ್ತುವ ನಮ್ಮ ಯುವಕ ಮಂಡಲದವರಿಗೆ ಈ ಕಥೆ ಅಪರಿಚಿತವೆನಿಸದು.

ಮಗ ಹೊಸ ಲೀಗಿಗೆ ಹೊರಟು ನಿಂತರೆ ಹೆತ್ತವರ ಮೊದಲ ಪ್ರಶ್ನೆ, “ಮುಂದೇನು?” ಅಮೆರಿಕದಲ್ಲೇ ಇದು ಸುಲಭದ ಪ್ರಶ್ನೆಯಲ್ಲ. ಅಲ್ಲಿನ ರಾಷ್ಟ್ರೀಯ ಲೀಗಿನ 32 ತಂಡಗಳು ವಾರ್ಷಿಕ ಆಯ್ಕೆಯಲ್ಲಿ ಕರೆದುಕೊಳ್ಳುವುದು ಸುಮಾರು 250 ಆಟಗಾರರನ್ನು. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಮಿದುಳಿಗೆ ಹಾನಿಯಾಯಿತೆಂದು ಸಾವಿರಾರು ಮಾಜಿ ಆಟಗಾರರು ದಾವೆ ಹೂಡಿದಾಗ, 2013ರಲ್ಲಿ ಲೀಗ್ 76.5 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಬೇಕಾಯಿತು. ಹೆಲ್ಮೆಟ್ ಬುರುಡೆಯನ್ನು ಕಾಯುತ್ತದೆ, ಒಳಗಿನ ಮಿದುಳು ಅಲುಗುವುದನ್ನು ತಡೆಯಲಾರದು.

ಕಬಡ್ಡಿಯ ದಾರಿ ಬೇರೆಯಾಗಿತ್ತು. ಕಾರ್ಕಳ ತಾಲೂಕಿನ ಮಮತಾ ಪೂಜಾರಿ ಊರಿನ ಅಂಗಳದಿಂದ ಹೊರಟು, ರೈಲ್ವೆಯಲ್ಲಿ ಉದ್ಯೋಗ ಪಡೆದು, 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ವಾರ್‌ಹಾಕ್ಸ್ ಕೊಲಂಬೋದಲ್ಲಿ ಆಡಿದ ಎರಡೇ ವರ್ಷಕ್ಕೆ, 2014ರಲ್ಲಿ, ಪ್ರೊ ಕಬಡ್ಡಿ ಲೀಗ್ ಆರಂಭವಾಯಿತು. ಆ ಲೀಗಿನ ಬೆಂಗಳೂರು ಬುಲ್ಸ್ ತಂಡ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ, ಊರ ಪ್ರೇಕ್ಷಕರ ಎದುರೇ ಆಡಿತು.