ವಿಂಡೋಸ್ ಬದಲಾಯಿಸುವ ಮುನ್ನ ಲೆಕ್ಕದ ಪ್ರತಿಯನ್ನು ತೆರೆದು ನೋಡಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಕಣಜವೆನಿಸಿದ ಸಿಂಧನೂರು ಭಾಗದಲ್ಲಿ ಅಕ್ಕಿ ಗಿರಣಿ, ದಲಾಲಿ ಅಂಗಡಿ, ಗೊಬ್ಬರದ ಮಳಿಗೆಗಳ ವ್ಯವಹಾರವು ಗಣಕಯಂತ್ರವನ್ನು ಅವಲಂಬಿಸಿದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳ ಪುನರ್ವಸತಿಗಾಗಿ ನೆಲೆಗೊಂಡ ಆರ್.ಎಚ್. ಕ್ಯಾಂಪ್‌ನಲ್ಲಿಯೂ ಜಿಎಸ್‌ಟಿ ನೋಂದಣಿಯುಳ್ಳ ವರ್ತಕನಿಗೆ ಇದು ಅನಿವಾರ್ಯ. ಈ ಯಂತ್ರಗಳ ಕಾರ್ಯಾಚರಣಾ ವ್ಯವಸ್ಥೆಯ ಬಗೆಗೆ ನಮ್ಮ ಸದಸ್ಯರು ಈಗ ಒಂದು ತೀರ್ಮಾನಕ್ಕೆ ಬರಲೇಬೇಕಾಗಿದೆ.

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಎಕ್ಸ್‌ಪಿಗೆ ನೀಡುತ್ತಿದ್ದ ಬೆಂಬಲವನ್ನು 2014ರ ಏಪ್ರಿಲ್ 8ರಂದು, ವಿಂಡೋಸ್ 7ರ ಬೆಂಬಲವನ್ನು 2020ರ ಜನವರಿ 14ರಂದು ನಿಲ್ಲಿಸಿತು. ವಿಂಡೋಸ್ 10ರ ಸರದಿ 2025ರ ಅಕ್ಟೋಬರ್ 14ರಂದು ಬಂದಿತು. "ನಡೆಯುತ್ತಿರುವ ಯಂತ್ರವನ್ನು ಏಕೆ ಮುಟ್ಟಬೇಕು?" ಎಂಬುದು ವರ್ತಕರ ಸಹಜ ಪ್ರಶ್ನೆ. ಇದಕ್ಕೆ 2017ರ ಮೇ ತಿಂಗಳಿನ ವನ್ನಾಕ್ರೈ ದಾಳಿಯೇ ಉತ್ತರ. ಕಡತಗಳಿಗೆ ಬೀಗ ಜಡಿದು ಹಣ ಕೇಳಿದ ಆ ದುಷ್ಟ ತಂತ್ರಾಂಶವನ್ನು ತಡೆಯಬಲ್ಲ ಪರಿಷ್ಕರಣೆಯು ಎರಡು ತಿಂಗಳು ಮೊದಲೇ ಬಿಡುಗಡೆಯಾಗಿತ್ತು. ಅದನ್ನು ಅಳವಡಿಸಿಕೊಳ್ಳದ ಯಂತ್ರಗಳೇ ಅದಕ್ಕೆ ತುತ್ತಾದವು. ಬೆಂಬಲ ನಿಂತ ಯಂತ್ರಕ್ಕಾದರೋ ಅಂತಹ ಪರಿಷ್ಕರಣೆ ಸಾಮಾನ್ಯವಾಗಿ ಬರುವುದೇ ಇಲ್ಲ.

ಆದ್ದರಿಂದ ಬದಲಾವಣೆ ಅವಶ್ಯಕ. ಆದರೆ ಅವಸರದ ಬದಲಾವಣೆಯಲ್ಲಿ ಯಂತ್ರಕ್ಕಿಂತ ಹೆಚ್ಚಾಗಿ ಅಪಾಯಕ್ಕೆ ಒಳಗಾಗುವುದು ಲೆಕ್ಕಪತ್ರ. ರೈತರಿಗೆ ಕೊಟ್ಟ ಮುಂಗಡ, ಗಿರಾಕಿಗಳ ಉದ್ರಿ ಬಾಕಿ, ಹಿಂದಿನ ವರ್ಷಗಳ ಖರೀದಿ ಇವೆಲ್ಲವೂ ಒಂದೇ ಡಿಸ್ಕ್‌ನಲ್ಲಿರುತ್ತವೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳ ಕಾಲ ದಾಖಲೆಗಳನ್ನು ಕಾಯ್ದಿರಿಸಬೇಕು. ಫಾರ್ಮ್ಯಾಟ್ ಮಾಡುವಾಗ ಹೋಯಿತೆಂಬ ಸಮಜಾಯಿಷಿ ತೆರಿಗೆ ಅಧಿಕಾರಿಯ ಮುಂದೆ ನಿಲ್ಲುವಂಥದ್ದಲ್ಲ. ಸಾಲಗಾರನ ಮುಂದಂತೂ ನಿಲ್ಲದು.

"ಬ್ಯಾಕಪ್ ತೆಗೆದಿದ್ದೇವೆ" ಎಂಬ ಮಾತಿನಿಂದ ಮಾಲೀಕರು ಸಮಾಧಾನಪಡಬಾರದು. ಆ ಪ್ರತಿಯು ಬೇರೊಂದು ಯಂತ್ರದಲ್ಲಿ ತೆರೆದುಕೊಳ್ಳುವುದೇ ಎಂಬುದೇ ಮುಖ್ಯ. ಟ್ಯಾಲಿ ಬಳಸುವವರಿಗೆ ಈ ಪರೀಕ್ಷೆಗೆಂದು ಎರಡನೆಯ ಲೈಸೆನ್ಸ್ ಕೊಳ್ಳುವ ಅಗತ್ಯವಿಲ್ಲ. ಲೈಸೆನ್ಸ್ ಇಲ್ಲದ ಯಂತ್ರದಲ್ಲಿಯೂ ಅದು ಎಜುಕೇಶನಲ್ ಮೋಡ್‌ನಲ್ಲಿ ತೆರೆಯುತ್ತದೆ. ಎರಡೂ ಕಡೆ ತಂತ್ರಾಂಶದ ಆವೃತ್ತಿ ಒಂದೇ ಆಗಿರಲಿ. ಪ್ರತಿಯನ್ನು ಅಲ್ಲಿ ಇಳಿಸಿ ನಿನ್ನೆಯ ಕೊನೆಯ ವೋಚರು, ಒಬ್ಬ ದೊಡ್ಡ ಗಿರಾಕಿಯ ಬಾಕಿ, ಮೂರು ವರ್ಷ ಹಿಂದಿನ ಒಂದು ಬಿಲ್ಲು ಇವನ್ನು ಮಾಲೀಕರೇ ಕುಳಿತು ತಾಳೆ ನೋಡಬೇಕು. ಅರ್ಧ ಗಂಟೆಯ ಕೆಲಸವಿದು, ಗುಮಾಸ್ತನಿಗೆ ಬಿಡುವಂಥದ್ದಲ್ಲ. ಅನಂತರ ಆ ಪೆನ್‌ಡ್ರೈವನ್ನು ಯಂತ್ರದಿಂದ ಕಿತ್ತು ಬೇರೆಡೆ ಇರಿಸಬೇಕು. ಸಿಕ್ಕಿಸಿಯೇ ಬಿಟ್ಟರೆ ವೈರಸ್ ಅದನ್ನೂ ಬಿಡದು. ಹಳೆಯ ಯಂತ್ರದಲ್ಲಿರುವ ಟ್ಯಾಲಿ ಲೈಸೆನ್ಸನ್ನು ಫಾರ್ಮ್ಯಾಟ್‌ಗೆ ಮುಂಚೆಯೇ ಸರೆಂಡರ್ ಮಾಡುವುದನ್ನು ಮರೆಯಬಾರದು. ಟ್ಯಾಲಿಯ ಹೊಸ ಆವೃತ್ತಿಯನ್ನೂ ಅದೇ ದಿನ ಹಾಕಿದರೆ, ತೊಂದರೆ ಎಲ್ಲಿಂದ ಬಂದಿತೆಂದು ತಿಳಿಯದೆ ಹೋಗುತ್ತದೆ.

ಕನ್ನಡದಲ್ಲಿ ಪತ್ರವ್ಯವಹಾರ ಮಾಡುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಕಡತಗಳು, ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಿಸುತ್ತವೆ. ಕಡತ ಕೆಟ್ಟಿತೆಂದು ಅಳಿಸಿಬಿಡಬೇಡಿ. ಫಾಂಟ್‌ಗಳನ್ನು ಮೊದಲೇ ನಕಲು ಮಾಡಿಕೊಂಡಿದ್ದು ಪುನಃ ಅಳವಡಿಸಿದರೆ ಸಾಕು. ಮುಖ್ಯ ಪತ್ರಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಇನ್ನೂ ಉತ್ತಮ.

ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಸ್ಥಳ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಯಂತ್ರ ಅರ್ಹವೋ ಅಲ್ಲವೋ ಎಂಬುದನ್ನು ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ತಿಳಿಸುತ್ತದೆ. ಅರ್ಹವಲ್ಲದ ಯಂತ್ರಕ್ಕೂ ಅಡ್ಡದಾರಿಯಿಂದ ಹಾಕಿಕೊಡುವ ಮೆಕ್ಯಾನಿಕ್‌ಗಳುಂಟು. ಅಂತಹ ಯಂತ್ರಕ್ಕೆ ಮುಂದಿನ ಪರಿಷ್ಕರಣೆಗಳು ಬರುವ ಖಾತರಿಯಿಲ್ಲವಾದ್ದರಿಂದ, ಬದಲಾಯಿಸಿದ ಉದ್ದೇಶವೇ ವ್ಯರ್ಥವಾಗುತ್ತದೆ. ಡಾಸ್ ಕಾಲದ ಫಾಕ್ಸ್‌ಪ್ರೋ ಲೆಕ್ಕದ ತಂತ್ರಾಂಶವು ಇದರಲ್ಲಿ ನೇರವಾಗಿ ನಡೆಯುವುದಿಲ್ಲ. ತೂಕದ ಸೇತುವೆಗೆ ಜೋಡಿಸಿದ ಹಳೆಯ ಸೀರಿಯಲ್ ಪರಿವರ್ತಕಗಳಲ್ಲಿ ಕೆಲವನ್ನು ಹೊಸ ವಿಂಡೋಸ್ ಒಪ್ಪುವುದಿಲ್ಲ. ಕೇವಲ ತೂಕದ ಚೀಟಿ ಮುದ್ರಿಸುವ ಯಂತ್ರವನ್ನು ಅಂತರ್ಜಾಲದಿಂದ ಪೂರ್ಣವಾಗಿ ಬೇರ್ಪಡಿಸಿ, ಹಾಗೆಯೇ ಉಳಿಸಿಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ.

ಭತ್ತದ ಸುಗ್ಗಿಯಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ಮಾಸಿಕ ರಿಟರ್ನ್‌ಗಳ ಗಡುವು 11 ಮತ್ತು 20ನೇ ತಾರೀಖು ಆದ್ದರಿಂದ 21ರ ನಂತರದ ದಿನಗಳು ಅನುಕೂಲ. ಯುಪಿಎಸ್ ಬ್ಯಾಟರಿ ಸುಸ್ಥಿತಿಯಲ್ಲಿರಬೇಕು. ನಡುವೆ ವಿದ್ಯುತ್ ಹೋದರೆ ಯಂತ್ರ ಮತ್ತೆ ಚಾಲೂ ಆಗದಿರಬಹುದು. ಹಳೆಯದರ ಮೇಲೆಯೇ ಹೊಸದನ್ನು ಹಾಕಿದಲ್ಲಿ ಹಿಂದಕ್ಕೆ ಮರಳಲು ಸಾಮಾನ್ಯವಾಗಿ 10 ದಿನಗಳ ಅವಕಾಶ ಮಾತ್ರ. ಸಾಧ್ಯವಾದರೆ ಒಂದು ಹೊಸ ಎಸ್‌ಎಸ್‌ಡಿ ಕೊಂಡು, ಅದರಲ್ಲಿ ಹೊಸ ವಿಂಡೋಸ್ ಅಳವಡಿಸಿ, ಹಳೆಯ ಡಿಸ್ಕನ್ನು ಅಳಿಸದೆ ದಿನಾಂಕ ಬರೆದು ತಿಜೋರಿಯಲ್ಲಿಡುವುದು ಸೂಕ್ತ. ಹೊಸ ಯಂತ್ರದಿಂದ ಒಂದು ತಿಂಗಳ ರಿಟರ್ನ್ ಸಲ್ಲಿಕೆಯಾಗಿ, ಡಿಜಿಟಲ್ ಸಹಿಯ ಟೋಕನ್ ಕೆಲಸ ಮಾಡಿ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಬಿಲ್ಲು ಸರಿಯಾಗಿ ಮೂಡುವವರೆಗೆ ಅದನ್ನು ಯಾರಿಗೂ ಕೊಡಬೇಡಿ.